ನಡುಮನೆಯಲ್ಲೊಂದು ಪ್ರಪಾತ

ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಎದುರಿಗೊಂದು ಹಲಗೆ. ಗಗನಚುಂಬಿ ಕಟ್ಟಡದ ಗೋಡೆಯಿಂದ ನೇರ ಹೊರಚಾಚಿ ಬಯಲಿನಲ್ಲಿ ನಿಂತಿದೆ. ಅದರಾಚೆ ಏನೂ ಇಲ್ಲ. ಬಗ್ಗಿ ನೋಡಿದರೆ ಬೀದಿಯ ಕಾರುಗಳು ಬೆಂಕಿಪೊಟ್ಟಣದ ಗಾತ್ರಕ್ಕಿಳಿದಿವೆ.

"ನಡೀರಿ ಮಾವ, ನಾಲ್ಕೇ ಹೆಜ್ಜೆ" ಎಂದು ತಂಗಿಯ ಮಗನ ದನಿ ಸೋಫಾದ ಕಡೆಯಿಂದ ಕೇಳಿಸಿತು.

ನನಗೆ ಎಲ್ಲ ಗೊತ್ತಿತ್ತು. ನಾನು ನಿಂತಿದ್ದು ಶಿವಮೊಗ್ಗದ ನಮ್ಮ ನಡುಮನೆಯಲ್ಲಿ. ಕಾಲಡಿಯಲ್ಲಿದ್ದದ್ದು ಅಪ್ಪ ಹಾಕಿಸಿದ ರೆಡ್‌ಆಕ್ಸೈಡ್ ನೆಲ. ಅಡುಗೆಮನೆಯಿಂದ ಅಮ್ಮ ಹಾಕಿದ ಇಂಗಿನ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಯಾವ ಗಗನಚುಂಬಿಯ ತುದಿಯಲ್ಲೂ ಇಂಗಿನ ವಾಸನೆ ಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಬಲಗಾಲು ಏಳಲಿಲ್ಲ. ಅಂಗೈ ಬೆವರಿತು, ಮೊಣಕಾಲು ಸಡಿಲಾಯಿತು. ಹೋಗು ಎಂದು ತಲೆ ಹೇಳುತ್ತಲೇ ಇತ್ತು, ಕಾಲು ಕೇಳಲೊಲ್ಲದು.

ದೀಪಾವಳಿ ರಜೆಗೆ ಬಂದ ಹುಡುಗ ಬಟ್ಟೆಗಿಂತ ಹೆಚ್ಚು ವೈರುಗಳನ್ನು ತಂದಿದ್ದ. ಕಣ್ಣಿಗೆ ಕಟ್ಟಿಕೊಳ್ಳುವ ಒಂದು ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ಎರಡು ಕಂಟ್ರೋಲರ್, ಫ್ಯಾನಿನಷ್ಟೇ ಸದ್ದು ಮಾಡುವ ಗೇಮಿಂಗ್ ಲ್ಯಾಪ್‌ಟಾಪ್. ಟೀಪಾಯಿ ಮೂಲೆಗೆ ಸರಿಯಿತು, ನಡುವೆ ಒಂದು ಚಾಪೆ ಬಿತ್ತು. ಚಾಪೆ ಪಾದಕ್ಕೆ ತಾಗುತ್ತಿದೆ ಎಂದರೆ ನಾವು ಕೋಣೆಯ ಮಧ್ಯದಲ್ಲಿದ್ದೇವೆ. ತಪ್ಪಿತೋ, ಗೋಡೆಗೆ ಗುದ್ದುವ ಸಮಯ ಹತ್ತಿರವಾಯಿತು ಎಂದರ್ಥ. ಆ ವಾರವಿಡೀ ಏಳೆಂಟು ಆಟ ಆಡಿದೆ. ಹೊಸ ಯಂತ್ರವೊಂದನ್ನು ನೋಡೋಣವೆಂದು ಕೂತವನಿಗೆ ಪರಿಚಯವಾದದ್ದು ಐವತ್ತು ವರ್ಷದಿಂದ ಜೊತೆಗಿದ್ದ ನನ್ನದೇ ಮೈ.

ಎರಡು ಕಣ್ಣಿಗೆ ಎರಡು ಚಿತ್ರ

ಹೆಬ್ಬೆರಳನ್ನು ಮುಖದೆದುರು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ನೆಗೆಯುತ್ತದೆ. ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿನಷ್ಟು ಅಂತರ ಇರುವುದರಿಂದ ಎರಡಕ್ಕೂ ಕಾಣುವ ಲೋಕ ತುಸು ಬೇರೆ. ಆ ವ್ಯತ್ಯಾಸವನ್ನೇ ಮಿದುಳು ಆಳವೆಂದು ಓದಿಕೊಳ್ಳುತ್ತದೆ. ಇದನ್ನು 1838ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್. ಒಂದೇ ವಸ್ತುವಿನ ಎರಡು ಚಿತ್ರ ಬರೆದು, ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ಒಂದೊಂದನ್ನು ಕಾಣಿಸಿದರು. ಚಪ್ಪಟೆ ಗೆರೆಗಳು ಉಬ್ಬಿ ನಿಂತವು.

ಅದೊಂದೇ ಸಾಲದು. ಚಿತ್ರ ಎಷ್ಟೇ ಉಬ್ಬಿ ಕಂಡರೂ, ತಲೆ ತಿರುಗಿಸಿದಾಗ ಅದೂ ಜೊತೆಗೇ ತಿರುಗಿದರೆ ಚಿತ್ರವಾಗಿಯೇ ಉಳಿಯುತ್ತದೆ. ತಲೆ ತಿರುಗಿದರೂ ಲೋಕ ತನ್ನ ಜಾಗದಲ್ಲೇ ನಿಲ್ಲಬೇಕು. ಅಮೆರಿಕದ ಐವಾನ್ ಸದರ್‌ಲ್ಯಾಂಡ್ 1968ರಲ್ಲಿ ಇದನ್ನು ಸಾಧಿಸಿದರು. ತಲೆಗೆ ಕಟ್ಟಿದ ಎರಡು ಪುಟ್ಟ ಪರದೆಗಳಲ್ಲಿ ಕಾಣುತ್ತಿದ್ದುದು ಬರೀ ಗೆರೆಗಳಿಂದಾದ ಪೆಟ್ಟಿಗೆಯಂಥ ಆಕೃತಿಗಳು. ತಲೆ ಎತ್ತ ತಿರುಗಿತೆಂದು ಅಳೆಯುವ ಲೋಹದ ತೋಳು ಛಾವಣಿಯಿಂದ ನೇತಾಡುತ್ತಿತ್ತು. ಅದಕ್ಕೆ 'ಡಾಮೊಕ್ಲಿಸ್‌ನ ಕತ್ತಿ' ಎಂಬ ಹೆಸರೇ ಅಂಟಿಕೊಂಡಿತು. ತಲೆಯ ಮೇಲೆ ತೂಗುವ ಕತ್ತಿ!

ಆಮೇಲಿನದು ದೀರ್ಘ ಕಾಯುವಿಕೆ. 'ವರ್ಚುವಲ್ ರಿಯಾಲಿಟಿ' ಎಂಬ ಮಾತನ್ನು 1980ರ ದಶಕದಲ್ಲಿ ಜರಾನ್ ಲೇನಿಯರ್ ಜನರ ಬಾಯಿಗೆ ಹಾಕಿದರು. 1995ರಲ್ಲಿ ನಿಂಟೆಂಡೊ ಕಂಪನಿ ತಂದ 'ವರ್ಚುವಲ್ ಬಾಯ್' ಕಪ್ಪಿನ ಮೇಲೆ ಕೆಂಪು ಬಿಟ್ಟು ಬೇರೆ ಬಣ್ಣ ತೋರಿಸಲಾರದೆ ಬೇಗನೆ ಮೂಲೆ ಸೇರಿತು. ಕೊನೆಗೆ ದಾರಿ ಮಾಡಿಕೊಟ್ಟದ್ದು ನಮ್ಮ ಜೇಬಿನ ಮೊಬೈಲ್. ಕೋಟಿಗಟ್ಟಲೆ ಫೋನುಗಳಿಗಾಗಿ ತಯಾರಾದ ಚುರುಕಾದ ಪರದೆ, ಚಲನೆ ಅಳೆಯುವ ಕಾಳಿನಷ್ಟು ಚಿಕ್ಕ ಚಿಪ್ ಎರಡೂ ಅಗ್ಗವಾದವು. 2012ರಲ್ಲಿ ಪಾಮರ್ ಲಕಿ ಎಂಬ ಹದಿಹರೆಯದ ಹುಡುಗ 'ಆಕ್ಯುಲಸ್ ರಿಫ್ಟ್' ಮಾಡುತ್ತೇನೆಂದು ಜನರಿಂದಲೇ ಸುಮಾರು 24 ಲಕ್ಷ ಡಾಲರ್ ಎತ್ತಿದ. ಎರಡೇ ವರ್ಷದಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು 200 ಕೋಟಿ ಡಾಲರಿಗೆ ಕೊಂಡಿತು.

ಇಬ್ಬರು ಜೋಯಿಸರು

ನಾನು ಮೊದಲು ಆಡಿದ್ದು 'ಬೀಟ್ ಸೇಬರ್'. ಜೆಕ್ ದೇಶದ ಪ್ರಾಗ್‌ನಲ್ಲಿ ಹುಟ್ಟಿ 2018ರಲ್ಲಿ ಹೊರಬಂದ ಆಟ. ಎಡಗೈಯಲ್ಲಿ ಕೆಂಪು ಬೆಳಕಿನ ಕತ್ತಿ, ಬಲಗೈಯಲ್ಲಿ ನೀಲಿಯದು. ಹಾಡಿನ ತಾಳಕ್ಕೆ ಸರಿಯಾಗಿ ಎದುರಿನಿಂದ ಕೆಂಪು, ನೀಲಿ ಡಬ್ಬಗಳು ತೂರಿಬರುತ್ತವೆ. ಡಬ್ಬದ ಮೇಲಿನ ಬಾಣ ತೋರಿಸಿದ ದಿಕ್ಕಿನಲ್ಲೇ ಸೀಳಬೇಕು. ಮೂರನೇ ಹಾಡಿನ ಹೊತ್ತಿಗೆ ಅಂಗಿ ಒದ್ದೆ. ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಡಬ್ಬ ಕಾಣದು, ಹಾಡು ಕೇಳದು. ಕಾಣುತ್ತಿದ್ದುದು ಗಾಳಿಗೆ ಹೊಡೆಯುತ್ತಿದ್ದ ಮಗ ಮಾತ್ರ. "ಏನೋ ಇದು, ಮೈಮೇಲೆ ಬಂದೋರ ಹಾಗೆ ಆಡ್ತಿದೀಯ" ಎಂದಳು.

ಇಲ್ಲಿ ಎಲ್ಲಕ್ಕಿಂತ ಅಚ್ಚರಿಯ ಸಂಗತಿ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಕಾಣಬೇಕಾದರೆ ಒಂದು ಪ್ರಯೋಗ ಮಾಡಿ. ಈ ಸಾಲನ್ನು ಓದುತ್ತಲೇ ತಲೆಯನ್ನು 'ಇಲ್ಲ ಇಲ್ಲ' ಎಂಬಂತೆ ಬೇಗ ಬೇಗ ಅಲ್ಲಾಡಿಸಿ. ಅಕ್ಷರ ನಿಂತಲ್ಲೇ ನಿಂತಿರುತ್ತದೆ, ಓದಬಹುದು. ಈಗ ತಲೆ ಸುಮ್ಮನಿರಲಿ, ಪುಸ್ತಕವನ್ನು ಅಷ್ಟೇ ವೇಗದಲ್ಲಿ ಅಲ್ಲಾಡಿಸಿ. ಎಲ್ಲ ಕಲಸಿಹೋಗುತ್ತದೆ. ಕಾರಣ ಕಿವಿಯಲ್ಲಿದೆ. ಒಳಗಿವಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ಕೂತ ಮೂರು ಅರೆಚಂದ್ರ ನಾಳಗಳಿವೆ, ಅವುಗಳೊಳಗೆ ದ್ರವವಿದೆ. ತಲೆ ತಿರುಗಿದ ಕೂಡಲೇ ದ್ರವ ಹಿಂದುಳಿಯುತ್ತದೆ, ನರಕ್ಕೆ ಸುದ್ದಿ ಮುಟ್ಟುತ್ತದೆ, ಕಣ್ಣುಗುಡ್ಡೆ ತಲೆಗೆ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಇಷ್ಟೂ ಮುಗಿಯಲು ಬೇಕಾದದ್ದು ಸುಮಾರು 10 ಮಿಲಿಸೆಕೆಂಡು. ಪುಸ್ತಕ ಅಲ್ಲಾಡಿದಾಗ ಕಿವಿಗೆ ಸುದ್ದಿಯಿಲ್ಲ, ಹಾಗಾಗಿ ಕಣ್ಣಿಗೂ ಸಹಾಯವಿಲ್ಲ.

ಹೆಡ್‌ಸೆಟ್ಟು ಪೈಪೋಟಿ ನಡೆಸಬೇಕಾದದ್ದು ಈ ವೇಗದ ಜೊತೆಗೆ. ತಲೆ ಅಲ್ಲಾಡಿದ ಕ್ಷಣದಿಂದ ಹೊಸ ಚಿತ್ರ ಕಣ್ಣಿಗೆ ಬೀಳುವವರೆಗೆ 20 ಮಿಲಿಸೆಕೆಂಡು ದಾಟಬಾರದು ಎಂಬುದು ಈ ಕ್ಷೇತ್ರದ ಅಂದಾಜು ಲೆಕ್ಕ. ದಾಟಿದರೆ ಲೋಕ ಎಣ್ಣೆಯಲ್ಲಿ ತೇಲಿದ ಹಾಗೆ ತಲೆಯ ಹಿಂದೆ ತಡವಾಗಿ ಜಾರುತ್ತದೆ. ಸೆಕೆಂಡಿಗೆ 90 ಚಿತ್ರ ಎಂದರೆ ಒಂದೊಂದಕ್ಕೂ ಸಿಗುವುದು 11 ಮಿಲಿಸೆಕೆಂಡು. ಅಷ್ಟರಲ್ಲಿ ಎರಡೂ ಕಣ್ಣಿಗೆ ಇಡೀ ಲೋಕವನ್ನು ಬರೆದು ಮುಗಿಸಬೇಕು. ಮುಗಿಸಿದರೂ ಅಷ್ಟು ಹೊತ್ತಿಗೆ ತಲೆ ಮುಂದೆ ಸರಿದಿರುತ್ತದೆ. ಆದ್ದರಿಂದ ಯಂತ್ರ ಭವಿಷ್ಯ ಹೇಳುತ್ತದೆ. ತಲೆಯ ಈಗಿನ ವೇಗ ನೋಡಿ, ಚಿತ್ರ ಪರದೆಗೆ ಬರುವ ಹೊತ್ತಿಗೆ ಅದು ಎಲ್ಲಿರುತ್ತದೆಂದು ಊಹಿಸಿ ಅಲ್ಲಿಗೆ ತಕ್ಕ ಚಿತ್ರ ಬರೆಯುತ್ತದೆ. ಕೊನೆಯ ಗಳಿಗೆಯಲ್ಲಿ ಇನ್ನೊಮ್ಮೆ ಅಳೆದು, ಊಹೆ ತಪ್ಪಿದ್ದರೆ ಬರೆದ ಚಿತ್ರವನ್ನೇ ಚೂರು ಸರಿಸಿ ಕೂರಿಸುತ್ತದೆ.

ಮೋಸವೆನ್ನಬೇಡಿ. ನಮ್ಮ ಮಿದುಳಿನದೂ ಇದೇ ಕಸುಬು. ಕಣ್ಣಿಗೆ ಬಿದ್ದದ್ದು ಒಳಗೆ ಅರ್ಥವಾಗಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ವೇಗದ ಬೌಲರನ ಚೆಂಡು ಬ್ಯಾಟಿಗೆ ಮುಟ್ಟಲು ಅರ್ಧ ಸೆಕೆಂಡೂ ಬೇಡ. ಚೆಂಡು ಬಂದಮೇಲೆ ನೋಡಿ ಹೊಡೆಯುತ್ತೇನೆಂದರೆ ಸ್ಟಂಪು ಹಾರಿಹೋಗಿರುತ್ತದೆ. ಬ್ಯಾಟ್ಸ್‌ಮನ್ ಬೀಸುವುದು ಚೆಂಡು ಬರಲಿರುವ ಜಾಗಕ್ಕೆ. 'ಬೀಟ್ ಸೇಬರ್' ಆಡುವಾಗ ಹಣೆಯ ಹೊರಗೊಬ್ಬ ಜೋಯಿಸ, ಒಳಗೊಬ್ಬ ಜೋಯಿಸ. ಇಬ್ಬರ ಪಂಚಾಂಗವೂ ತಾಳೆಯಾದಾಗ ಆಟ ಸುಖ.

ತಿರುಗಾಮುರುಗಾ ಆಗುಂಬೆ

ತಾಳೆಯಾಗದಿದ್ದರೆ? ಅದೂ ಆಯಿತು.

ಎರಡನೇ ದಿನ ಒಂದು ರೇಸಿಂಗ್ ಗೇಮ್ ಆಡಿದೆ. ಬೆಟ್ಟದ ದಾರಿ, ಸಾಲು ತಿರುವು. ನಾಲ್ಕನೇ ನಿಮಿಷಕ್ಕೆ ಹಣೆಯಲ್ಲಿ ತಣ್ಣನೆ ಬೆವರು, ಬಾಯಲ್ಲಿ ನೀರು. ಹೆಡ್‌ಸೆಟ್ ಕಿತ್ತು ಜಗಲಿಗೆ ಬಂದು ಕೂತೆ. ಅಮ್ಮ ನಿಂಬೆಹಣ್ಣು ತಂದು ಮೂಗಿನ ಬಳಿ ಹಿಡಿದಳು. ಚಿಕ್ಕಂದಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಹಿಡಿಯುತ್ತಿದ್ದ ಹಾಗೆಯೇ.

ಎರಡೂ ಒಂದೇ ಕಾಯಿಲೆ, ಮಗುಚಿ ಹಾಕಿದ್ದು ಅಷ್ಟೆ. ಘಾಟಿಯ ಬಸ್ಸಿನಲ್ಲಿ ಪುಸ್ತಕ ಹಿಡಿದು ಕೂತರೆ ಕಿವಿ 'ತಿರುಗುತ್ತಿದ್ದೇವೆ' ಎನ್ನುತ್ತದೆ, ಕಣ್ಣು 'ಇಲ್ಲವಲ್ಲ, ಪುಟ ನಿಂತಲ್ಲೇ ಇದೆ' ಎನ್ನುತ್ತದೆ. ಹೆಡ್‌ಸೆಟ್ಟಿನಲ್ಲಿ ಕಣ್ಣು 'ಹಾರುತ್ತಿದ್ದೇವೆ' ಎನ್ನುತ್ತದೆ, ಕುರ್ಚಿಯಲ್ಲಿ ಕೂತ ಕಿವಿ 'ಎಲ್ಲಿಗೆ?' ಎನ್ನುತ್ತದೆ. ಅರೆಚಂದ್ರ ನಾಳಗಳ ಪಕ್ಕದಲ್ಲೇ ಸುಣ್ಣದ ಕಣಗಳನ್ನು ಹೊತ್ತ ಎರಡು ಪುಟ್ಟ ಚೀಲಗಳಿವೆ. ವೇಗ ಏರಿದರೆ, ಇಳಿದರೆ ಆ ಕಣಗಳ ಪದರ ಜಾರಿ ಸುದ್ದಿ ಕೊಡಬೇಕು. ರೇಸಿಂಗ್ ಕಾರು ಎಷ್ಟೇ ನುಗ್ಗಿದರೂ ಅವು ಮಿಸುಕಲಿಲ್ಲ.

ಎರಡು ವರದಿ ಹೊಂದದಿದ್ದರೆ ಗೊಂದಲವಾಗಲಿ, ವಾಂತಿ ಯಾಕೆ? 1977ರಲ್ಲಿ ಮಿಷೆಲ್ ಟ್ರೈಸ್‌ಮನ್ ಎಂಬ ಮನೋವಿಜ್ಞಾನಿ ಒಂದು ಊಹೆ ಮುಂದಿಟ್ಟರು. ಕಾಡಿನಲ್ಲಿ ಬದುಕಿದ ನಮ್ಮ ಪೂರ್ವಿಕರಿಗೆ ಕಾರೂ ಇರಲಿಲ್ಲ, ಹೆಡ್‌ಸೆಟ್ಟೂ ಇರಲಿಲ್ಲ. ಕಣ್ಣು, ಕಿವಿ ಜಗಳವಾಡುವ ಸಂದರ್ಭ ಅವರಿಗೆ ಬರುತ್ತಿದ್ದುದು ವಿಷದ ಕಾಯಿಯನ್ನೋ ಸೊಪ್ಪನ್ನೋ ತಿಂದಾಗ. ಆಗ ಹೊಟ್ಟೆ ಖಾಲಿ ಮಾಡುವ ಮೈ ಬದುಕಿ ಉಳಿಯಿತು. ಎಲ್ಲರೂ ಒಪ್ಪಿದ ವಾದವೇನಲ್ಲ ಇದು. ಆದರೂ ಜಗಲಿಯಲ್ಲಿ ನಿಂಬೆ ಮೂಸುತ್ತ ಕೂತವನಿಗೆ ಅದು ರುಚಿಸಿತು. ನಮ್ಮ ಕಡೆ ಯಾರಿಗಾದರೂ ಕಾರಣವಿಲ್ಲದೆ ಹೊಟ್ಟೆ ತೊಳಸಿದರೆ 'ಮದ್ದು ಹಾಕಿದಾರೆ' ಎಂದು ಪಿಸುಗುಡುವುದುಂಟು. ನನ್ನ ಮಿದುಳೂ ಅದೇ ಸಂಶಯಕ್ಕೆ ಬಿದ್ದಿತ್ತು.

ಘಾಟಿಯಲ್ಲಿ ಬಸ್ಸಿನ ಡ್ರೈವರಿಗೆ ವಾಕರಿಕೆ ಬರುವುದು ಅಪರೂಪ. ಮುಂದಿನ ತಿರುವನ್ನು ತಿರುಗಿಸುವವನು ಅವನೇ, ಅವನ ಒಳಗಿನ ಜೋಯಿಸನಿಗೆ ಮೊದಲೇ ಗೊತ್ತಿರುತ್ತದೆ. 'ಬೀಟ್ ಸೇಬರ್'ನಲ್ಲಿ ನನಗೆ ಏನೂ ಆಗದ್ದಕ್ಕೂ ಕಾರಣ ಸರಳ. ಅಲ್ಲಿ ನಾನು ನಿಂತಲ್ಲೇ ಇರುತ್ತೇನೆ, ಬರುವುದು ಡಬ್ಬ. ಬಲ್ಲ ಗೇಮ್ ತಯಾರಕರು ಆಟಗಾರನನ್ನು ಕುರ್ಚಿಸಮೇತ ಎಳೆದೊಯ್ಯುವುದಿಲ್ಲ. ಹೋಗಬೇಕಾದ ಜಾಗವನ್ನು ಬೆರಳಿಂದ ತೋರಿಸಿದರೆ, ರೆಪ್ಪೆ ಹೊಡೆಯುವಷ್ಟರಲ್ಲಿ ಅಲ್ಲಿಗೆ ಹಾಕುತ್ತಾರೆ. ನಡುವೆ ದಾರಿಯೇ ಇಲ್ಲದ ಮೇಲೆ ಕಿವಿ ದೂರು ಕೊಡುವುದು ಯಾವುದರ ಬಗ್ಗೆ?

ಇನ್ನೊಂದು ಉಪಾಯ ಕಂಡದ್ದು 2016ರಲ್ಲಿ ಬಂದ 'ಗೂಗಲ್ ಅರ್ಥ್ ವಿಆರ್'ನಲ್ಲಿ. ಭೂಮಿಯ ಮೇಲೆ ಹಾರುತ್ತಿದ್ದಂತೆ ನೋಟದ ಅಂಚು ಕಪ್ಪಾಗಿ ಕಿಟಕಿಯಷ್ಟೇ ಉಳಿಯುತ್ತದೆ, ನಿಂತಾಗ ಮತ್ತೆ ಅಗಲವಾಗುತ್ತದೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಪಕ್ಕದ ರೈಲು ಹೊರಟಾಗ ನಮ್ಮದೇ ಹೊರಟಿತೆಂದು ಬೆಚ್ಚಿದ್ದು ನೆನಪಿದೆಯೇ? ಕಡೆಗಣ್ಣಿನಲ್ಲಿ ದೊಡ್ಡದೇನೋ ಸರಿದರೆ ಮಿದುಳು ತಾನೇ ಸರಿದೆನೆಂದು ತಿಳಿಯುತ್ತದೆ. ಕಡೆಗಣ್ಣನ್ನೇ ಮುಚ್ಚಿದರೆ ಭ್ರಮೆ ಸಡಿಲಾಗುತ್ತದೆ, ಹೊಟ್ಟೆ ತಣ್ಣಗಿರುತ್ತದೆ.

ಆ ಕಿಟಕಿಯ ಧೈರ್ಯದಲ್ಲಿ ಅಮ್ಮನನ್ನೂ ಕುರ್ಚಿಯಲ್ಲಿ ಕೂರಿಸಿ ಹೆಡ್‌ಸೆಟ್ ತೊಡಿಸಿದೆವು. ನ್ಯೂಯಾರ್ಕ್ ತೋರಿಸಿದರೆ "ಇದು ಬೇಡ, ತೀರ್ಥಹಳ್ಳಿ ಕಡೆ ಹೋಗು" ಎಂದಳು. ದೊಡ್ಡ ನಗರಗಳ ಕಟ್ಟಡಗಳೆಲ್ಲ ಅಲ್ಲಿ ಎದ್ದು ನಿಂತಿದ್ದವು. ಅವಳ ತವರೂರಿನ ಗುಡ್ಡವೂ ಉಬ್ಬಿತ್ತು. ಅಡಿಕೆ ತೋಟ ಮಾತ್ರ ಅದಕ್ಕೆ ಅಂಟಿಸಿದ ಹಸಿರು ಕಾಗದ, ತುಂಗೆ ಒಂದು ಪಟ್ಟಿ. ಸ್ವಲ್ಪ ಹೊತ್ತು ಅತ್ತಿತ್ತ ಕತ್ತು ತಿರುಗಿಸಿ ನೋಡಿದಳು. "ಹೊಳೆ ಸದ್ದೇ ಇಲ್ವಲ್ಲೋ" ಎಂದು ತೆಗೆದುಕೊಟ್ಟಳು.

ಮೆಲ್ ಸ್ಲೇಟರ್ ಎಂಬ ವಿಜ್ಞಾನಿ 2009ರಲ್ಲಿ ಇಂಥ ಅನುಭವವನ್ನು ಎರಡಾಗಿ ಒಡೆದು ತೋರಿಸಿದರು. 'ನಾನು ಅಲ್ಲಿದ್ದೇನೆ' ಎಂಬ ಭ್ರಮೆ ಒಂದು. 'ಇಲ್ಲಿ ನಡೆಯುತ್ತಿರುವುದು ನಿಜವಾಗಿ ನಡೆಯುತ್ತಿದೆ' ಎಂಬ ಭ್ರಮೆ ಇನ್ನೊಂದು. ಅಮ್ಮನಿಗೆ ಮೊದಲನೆಯದು ಆಗಿತ್ತೋ ಏನೋ. ಮಳೆಗಾಲದ ತುಂಗೆಯನ್ನು ಕೇಳಿ ಬೆಳೆದವಳಿಗೆ ಎರಡನೆಯದು ಆಗುವ ಹಾಗಿರಲಿಲ್ಲ.

ಇಲ್ಲದ ಮೇಜಿನ ಪೆಟ್ಟು

ಭ್ರಮೆ ಅತಿ ಗಟ್ಟಿಯಾಗಿ ಹಿಡಿದದ್ದು ಟೇಬಲ್ ಟೆನಿಸ್‌ನಲ್ಲಿ. ರಕ್ತ ಚೆಲ್ಲುವ ರಾಕ್ಷಸರಿಲ್ಲ, ಬೆಳಕಿನ ಕತ್ತಿಯಿಲ್ಲ. ಒಂದು ಮೇಜು, ಒಂದು ಬಲೆ, 2.7 ಗ್ರಾಂ ತೂಗಬೇಕಾದ ಒಂದು ಚೆಂಡು. ಚೆಂಡು ತಾಗಿದ ಕ್ಷಣ ಕಂಟ್ರೋಲರ್ ಕೈಯಲ್ಲಿ 'ಟಿಕ್' ಎಂದು ನಡುಗುತ್ತದೆ, ಅದೇ ಕ್ಷಣ ಕಿವಿಗೆ 'ಟಕ್' ಕೇಳುತ್ತದೆ. ಉಳಿದದ್ದನ್ನು ಮಿದುಳೇ ತುಂಬಿಕೊಂಡಿತು. ಕಾಲೇಜಿನಲ್ಲಿ ಕಲಿತ ಬ್ಯಾಕ್‌ಹ್ಯಾಂಡ್ ಮೂವತ್ತು ವರ್ಷದ ಬಳಿಕ ಮಣಿಕಟ್ಟಿಗೆ ತಾನೇ ವಾಪಸ್ ಬಂತು. ಹತ್ತು ನಿಮಿಷಕ್ಕೆ ನಾನು ಹೆಡ್‌ಸೆಟ್ ಮರೆತೆ. ಬಲೆಯ ಹತ್ತಿರ ಬಿದ್ದ ಚೆಂಡಿಗೆ ಬಗ್ಗುವಾಗ, ಎಲ್ಲರೂ ಮಾಡುವಂತೆ ಎಡಗೈಯನ್ನು ಮೇಜಿನ ಮೇಲೆ ಊರಿದೆ.

ಮೇಜು ಇರಲಿಲ್ಲ. ಮೊಣಕೈ ನೆಲಕ್ಕೆ ಬಡಿಯಿತು. ಹುಡುಗ ಓಡಿಬಂದು ಎತ್ತಿದ, ಎತ್ತುತ್ತಲೇ ನಕ್ಕ. "ನಾನೂ ಬಿದ್ದಿದೀನಿ ಮಾವ, ಎಲ್ರೂ ಬೀಳ್ತಾರೆ!"

ಕಣ್ಣಿನ ಮಾತನ್ನು ಮೈ ಎಷ್ಟು ಬೇಗ ಒಪ್ಪುತ್ತದೆಂಬುದಕ್ಕೆ ಒಂದು ಹೆಸರಾಂತ ಪ್ರಯೋಗವಿದೆ. 1998ರಲ್ಲಿ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೊಹೆನ್ ಜನರ ಒಂದು ಕೈಯನ್ನು ಮರೆಮಾಡಿ, ಎದುರಿಗೆ ರಬ್ಬರಿನ ಕೈಯೊಂದನ್ನು ಇಟ್ಟರು. ಎರಡನ್ನೂ ಒಟ್ಟೊಟ್ಟಿಗೆ ಕುಂಚದಿಂದ ಸವರಿದರು. ತುಸು ಹೊತ್ತಿಗೆ ಜನರಿಗೆ ಸ್ಪರ್ಶ ರಬ್ಬರಿನ ಕೈಯಲ್ಲೇ ಆದಂತೆ ತೋರಿತು. 'ಈ ಕೈ ನನ್ನದು' ಎಂಬುದು ಹುಟ್ಟಿನೊಂದಿಗೆ ಬಂದ ಹಕ್ಕುಪತ್ರವಲ್ಲ. ಕಂಡದ್ದು, ತಾಗಿದ್ದು ಕೂಡಿಬಂದಾಗ ಮಿದುಳು ಮತ್ತೆ ಮತ್ತೆ ಬರೆದುಕೊಳ್ಳುವ ಪತ್ರ.

ಹಲವು ವಿಆರ್ ಆಟಗಳಲ್ಲಿ ಮಣಿಕಟ್ಟಿನ ಮುಂದಿನ ಕೈ ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತದೆ, ತೋಳೇ ಇರುವುದಿಲ್ಲ. ಮೊಣಕೈ ಎಲ್ಲಿದೆಯೆಂದು ಯಂತ್ರಕ್ಕೆ ಸರಿಯಾಗಿ ತಿಳಿಯದು. ತಪ್ಪು ಮೊಣಕೈ ತೋರಿಸಿದರೆ ಮೈ ಕೂಡಲೇ ಕೊಸರುತ್ತದೆ, ತೋರಿಸದಿದ್ದರೆ ತಕರಾರಿಲ್ಲ. 'ಜಾಬ್ ಸಿಮ್ಯುಲೇಟರ್' ಎಂಬ ಆಟದಲ್ಲಿ ಇನ್ನೂ ತಮಾಷೆ. ಟೊಮೆಟೊ ಹಿಡಿದರೆ ಕೈ ಮಾಯವಾಗಿ ಟೊಮೆಟೊ ಒಂದೇ ಉಳಿಯುತ್ತದೆ. ಹುಡುಗ ಹೇಳುವವರೆಗೆ ನನ್ನ ಕೈ ಕಳೆದುಹೋದದ್ದು ನನಗೆ ಗೊತ್ತೇ ಆಗಲಿಲ್ಲ.

2020ರ 'ಹಾಫ್ ಲೈಫ್: ಆಲಿಕ್ಸ್' ಶತ್ರುಗಳನ್ನು ಎದುರಿಸುವ ಆಟ. ನಾನು ಅದರ ಮೊದಲ ಅರ್ಧ ಗಂಟೆಯನ್ನು ಕಪಾಟು ತಡಕುವುದರಲ್ಲೇ ಕಳೆದೆ. ಬಾಟಲಿ ಅಲ್ಲಾಡಿಸಿದರೆ ಒಳಗಿನ ದ್ರವ ತುಳುಕುತ್ತದೆ. ಅದರ ಚೀಟಿಯನ್ನು ಮೂಗಿನ ಹತ್ತಿರ ತಂದು ಓದಿದಾಗ ಥಟ್ಟನೆ ಹೊಳೆಯಿತು: ನಾನು ಕನ್ನಡಕ ಹಾಕಿಲ್ಲ! ಬಾಟಲಿ ಗೇಣು ದೂರದಲ್ಲಿದ್ದಂತೆ ಕಂಡರೂ ಬೆಳಕು ಬರುವುದು ಹೆಡ್‌ಸೆಟ್ಟಿನ ಮಸೂರ ನಿಗದಿಮಾಡಿದ ದೂರದಿಂದ, ಸುಮಾರು ಒಂದೆರಡು ಮೀಟರಿನಿಂದ. ಎಳೆಯರ ಕಣ್ಣಿಗೆ ಇದೊಂದು ತೊಂದರೆ. ಎರಡು ಕಣ್ಣೂ ಹತ್ತಿರದ ವಸ್ತುವಿನತ್ತ ವಾಲುತ್ತವೆ, ಒಳಗಿನ ಮಸೂರ ಮಾತ್ರ ದೂರಕ್ಕೆ ಹೊಂದಿಕೊಳ್ಳಬೇಕು. ಹಾಗಾಗಿ ಕಣ್ಣು ದಣಿಯುತ್ತದೆ. ಚಾಳೀಸು ಬಂದ ನನ್ನ ಮಸೂರ ಹೊಂದಿಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ವಯಸ್ಸಾದದ್ದಕ್ಕೆ ಸಿಕ್ಕ ಏಕೈಕ ಬಹುಮಾನವೆಂದು ಅದನ್ನು ಸ್ವೀಕರಿಸಿದೆ.

ಯಾವುದಕ್ಕೂ ಭಾರವಿಲ್ಲದಿರುವುದು ಈ ಲೋಕದ ದೊಡ್ಡ ಕೊರತೆ. ಇಟ್ಟಿಗೆಯೂ ಪುಗ್ಗೆಯೂ ಕೈಗೆ ಒಂದೇ. ಇದಕ್ಕೂ ಕಣ್ಣಿನ ಮೂಲಕವೇ ಮದ್ದು ಅರೆಯುತ್ತಾರೆ. ಭಾರದ ವಸ್ತು ಎತ್ತಿದಾಗ ಪರದೆಯ ಕೈ ನಮ್ಮ ಕೈಗಿಂತ ತುಸು ಹಿಂದುಳಿಯುತ್ತದೆ; ಹಿಂದುಳಿದ ಕೈ ನೋಡಿ ತೋಳಿಗೆ ಭಾರ ಅನಿಸುತ್ತದೆ. ಭಾರವಷ್ಟೇ ಅಲ್ಲ, ಕಾಲವೂ ಇಲ್ಲಿ ಬೇರೆ: 'ಸೂಪರ್‌ಹಾಟ್' ಎಂಬ ಆಟದಲ್ಲಿ ನಾನು ಅಲ್ಲಾಡಿದರೆ ಮಾತ್ರ ಕಾಲ ಸರಿಯುತ್ತದೆ, ನಿಂತರೆ ಗುಂಡೂ ಗಾಳಿಯಲ್ಲೇ ನಿಲ್ಲುತ್ತದೆ. ಚಿಕ್ಕಂದಿನ 'ಸ್ಟ್ಯಾಚ್ಯೂ' ಆಟದಲ್ಲಿ ಎದುರಾಳಿಯೂ ಸ್ಟ್ಯಾಚ್ಯೂ ಆದಂತೆ.

ಮತ್ತೆ ಹಲಗೆ

ರಜೆಯ ಕೊನೆಯ ದಿನ ಹುಡುಗ ಅಟ್ಟದಿಂದ ಒಂದು ಹಲಸಿನ ಹಲಗೆ ಇಳಿಸಿದ. ದಪ್ಪ ಒಂದೂವರೆ ಇಂಚು. ಒಂದು ಮೂಲೆ ಸೊಟ್ಟಗಾಗಿ ಕಾಲಿಟ್ಟರೆ ಕೊಂಚ ಕುಂಟುತ್ತದೆ. ಅದನ್ನು ಚಾಪೆಯ ಜಾಗದಲ್ಲಿಟ್ಟು, ಆಟದೊಳಗಿನ ಹಲಗೆಯನ್ನು ಅದರ ಅಳತೆಗೆ ಹೊಂದಿಸಿದ. 'ರಿಚೀಸ್ ಪ್ಲ್ಯಾಂಕ್ ಎಕ್ಸ್‌ಪೀರಿಯೆನ್ಸ್' ಎಂಬ ಈ ಆಟದಲ್ಲಿ ಆ ಸೌಲಭ್ಯವೇ ಇದೆ.

ಅಷ್ಟು ಹೊತ್ತಿಗೆ ನಾನು ಹತ್ತಾರು ಸಲ ಆ ತುದಿಗೆ ಹೋಗಿಬಂದಿದ್ದೆ, ಹೆದರಿಕೆ ತಕ್ಕಮಟ್ಟಿಗೆ ಇಳಿದಿತ್ತು. ಲಿಫ್ಟಿನ ಬಾಗಿಲು ತೆರೆಯಿತು, ಬರಿಗಾಲು ಇಟ್ಟೆ. ಪಾದಕ್ಕೆ ಮರ ತಾಗಿತು. ಹೆಬ್ಬೆರಳು ಹಲಗೆಯ ಅಂಚನ್ನು ಮುಟ್ಟಿತು, ಅಂಚಿನಾಚೆ ಬಯಲು. ಹಲಗೆ ಕೊಂಚ ಕುಂಟಿತು. ಮೊದಲ ದಿನಕ್ಕಿಂತ ಜೋರಾಗಿ ಎದೆ ಹೊಡೆದುಕೊಂಡಿತು. ಅಂಚಿನಿಂದ ನೆಲಕ್ಕಿದ್ದ ದೂರ ಒಂದೂವರೆ ಇಂಚು!

ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಬ್ರೂಕ್ಸ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ ಬಗೆಯದು. ಹೆಡ್‌ಸೆಟ್ ತೊಟ್ಟವರಿಗೆ ಕೋಣೆಯ ನಡುವೆ ಆಳವಾದ ಹೊಂಡ ತೋರಿಸಿ ಎದೆಬಡಿತ ಅಳೆದರು. ಬಡಿತ ಏರಿತು. ಕಾಲಡಿಗೆ ಒಂದೂವರೆ ಇಂಚಿನ ಮರದ ಅಂಚು ಇಟ್ಟಾಗ ಇನ್ನಷ್ಟು ಏರಿತು. 'ನಿಮಗೆ ಅಲ್ಲಿದ್ದಂತೆ ಅನಿಸಿತೇ' ಎಂದು ಬಾಯಿಬಿಟ್ಟು ಕೇಳುವುದರ ಜೊತೆಗೆ ಎದೆಯನ್ನೂ ಕೇಳಬಹುದೆಂದು ತೋರಿಸಿದ ಕೆಲಸ ಅದು.

ಈ ಭಯ ಎಷ್ಟು ಹಳೆಯದು? 1960ರಲ್ಲಿ ಎಲಿನಾರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಅಂಬೆಗಾಲಿಡುವ ಕೂಸುಗಳನ್ನು ದಪ್ಪ ಗಾಜಿನ ಮೇಲೆ ಬಿಟ್ಟರು. ಅರ್ಧ ಭಾಗದಲ್ಲಿ ಗಾಜಿನ ಕೆಳಗೇ ಚೌಕುಳಿ ನೆಲ, ಇನ್ನರ್ಧದಲ್ಲಿ ನೆಲ ಬಹಳ ಕೆಳಗೆ. ಆಚೆ ತುದಿಯಿಂದ ತಾಯಿ ಕರೆದರೂ ಬಹುತೇಕ ಕೂಸುಗಳು ಆಳದ ಕಡೆಗೆ ಬರಲಿಲ್ಲ. ಗಾಜನ್ನು ಕೈಯಿಂದ ತಟ್ಟಿ ನೋಡಿದವು, ಗಟ್ಟಿಯಿದೆ ಎಂದು ಕೈಗೆ ಗೊತ್ತಾಯಿತು, ಆದರೂ ನಂಬಿದ್ದು ಕಣ್ಣನ್ನೇ. ನಡುಮನೆಯಲ್ಲಿ ನಾನು ಮಾಡಿದ್ದೂ ಅದನ್ನೇ. ಇಲ್ಲದ ಪ್ರಪಾತದೆದುರು ನಿಂತುಬಿಟ್ಟರೆ ನಷ್ಟ ನಾಲ್ಕು ಜನರ ನಗು. ಇರುವ ಪ್ರಪಾತವನ್ನು ಇಲ್ಲವೆಂದುಕೊಂಡವರ ವಂಶ ಮುಂದುವರಿಯಲಿಲ್ಲ. ನನ್ನ ಕಾಲಿನ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಕಾಲು ಮಾತಿಗೆ ಬಗ್ಗದು, ಅನುಭವಕ್ಕೆ ಬಗ್ಗುತ್ತದೆ. 1995ರಲ್ಲೇ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು ಎತ್ತರದ ಭಯವಿರುವವರಿಗೆ ವಿಆರ್ ಸೇತುವೆ, ಬಾಲ್ಕನಿ, ಗಾಜಿನ ಲಿಫ್ಟುಗಳಲ್ಲಿ ಸ್ವಲ್ಪ ಸ್ವಲ್ಪವೇ ಎತ್ತರ ಅಭ್ಯಾಸ ಮಾಡಿಸಿ ಭಯ ತಗ್ಗಿಸಿದ್ದರು. ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಸುಟ್ಟಗಾಯದ ರೋಗಿಗಳಿಗೆ 'ಸ್ನೋವರ್ಲ್ಡ್' ಎಂಬ ಆಟ ಕೊಟ್ಟರು. ಗಾಯ ತೊಳೆಯುವ ಹೊತ್ತಿನಲ್ಲಿ ರೋಗಿ ಹಿಮದ ಕಣಿವೆಯಲ್ಲಿ ಇಳಿಯುತ್ತ ಪೆಂಗ್ವಿನ್‌ಗಳಿಗೆ ಹಿಮದುಂಡೆ ಎಸೆಯುತ್ತಿರುತ್ತಾನೆ. ಗಮನಕ್ಕೆ ಮಿತಿಯಿದೆ. ಹಿಮಕ್ಕೆ ಹೋದಷ್ಟೂ ನೋವಿಗೆ ಸಿಗುವುದು ಕಡಿಮೆ.

ಮರುದಿನ ಬೆಳಗಿನ ರೈಲಿಗೆಂದು ಹುಡುಗ ರಾತ್ರಿಯೇ ವೈರು ಸುತ್ತಿ ಬ್ಯಾಗಿಗೆ ತುಂಬಿದ. ಟೀಪಾಯಿ ತನ್ನ ಜಾಗಕ್ಕೆ ಬಂತು, ಹಲಗೆ ಅಟ್ಟ ಸೇರಿತು. ನಡುರಾತ್ರಿ ನೀರು ಕುಡಿಯಲೆಂದು ಎದ್ದೆ. ಕತ್ತಲಲ್ಲಿ ನಡುಮನೆ ದಾಟುವಾಗ ಹಲಗೆಯ ಅಂಚಿದ್ದ ಜಾಗದಲ್ಲಿ ಕಾಲು ಗಕ್ಕನೆ ನಿಂತಿತು. ಹೆಬ್ಬೆರಳಿಂದ ನೆಲವನ್ನು ಒಮ್ಮೆ ಮುಟ್ಟಿ ನೋಡಿತು. ಆಮೇಲೆ ನಡೆಯಿತು.